ನಾಡಿನ ಸೋದರಮಾವ

ಶುಕ್ರವಾರ ಬಂತೆಂದರೆ ಎಸ್ನಾತಿ ಬೆಳಗ್ಗೆಯೇ ಒಲೆ ಹಚ್ಚುತ್ತಿದ್ದಳು. ಮುಸುಕಿನ ಜೋಳದ ಹಿಟ್ಟು ತೊಳಸಿ ಗಟ್ಟಿ ಮುದ್ದೆ ಮಾಡಿ, ಕುಂಬಳದ ಸೊಪ್ಪಿಗೆ ಕಡಲೆಕಾಯಿ ಪುಡಿ ಬೆರೆಸಿ ಬೇಯಿಸಿ, ಸರೋವರದ ಮೀನು ಹುರಿದು, ಎಲ್ಲವನ್ನೂ ಒಂದು ಡಬ್ಬಿಗೆ ತುಂಬಿ ತಲೆಯ ಮೇಲಿಟ್ಟುಕೊಂಡು ಜೈಲಿನ ಬಾಗಿಲಿಗೆ ನಡೆಯುತ್ತಿದ್ದಳು. ಒಳಗಿದ್ದವನು ಅವಳ ಅಣ್ಣ ಜಕೆಯು. ನೋಡಲು ಬಿಡುತ್ತಿರಲಿಲ್ಲ. ಕಾವಲುಗಾರ ಡಬ್ಬಿಯನ್ನು ಒಳಗೆ ಒಯ್ದು, ಬಿಸಿಲು ಏರಿದ ಮೇಲೆ ವಾಪಸು ತಂದುಕೊಡುತ್ತಿದ್ದ. ಡಬ್ಬಿಯ ತಳದಲ್ಲಿ ಮೀನಿನ ತಲೆಗಳು ಮಾತ್ರ ಉಳಿದಿರುತ್ತಿದ್ದವು. ಚಿಕ್ಕಂದಿನಿಂದಲೂ ಜಕೆಯು ಮೀನಿನ ತಲೆಯನ್ನು ತಂಗಿಗೆ ಬಿಡುತ್ತಿದ್ದ, ಏಕೆಂದರೆ ಅವಳಿಗೆ ಅದು ಪ್ರಾಣ. ಕಾವಲುಗಾರರೇ ತಿಂದಿದ್ದರೆ ತಲೆಯನ್ನೂ ಅಗಿದು ಮುಗಿಸುತ್ತಿದ್ದರು. ಹಾಗಾಗಿ ಎಸ್ನಾತಿ ಜೈಲಿನ ಎದುರಿನ ಮಾವಿನ ಮರದಡಿ ಕೂತು ಆ ತಲೆಗಳನ್ನು ತಿನ್ನುವಳು. ಅಣ್ಣ ಬದುಕಿದ್ದಾನೆ ಎಂಬುದಕ್ಕೆ ಅವಳ ಬಳಿ ಇದ್ದ ಸಾಕ್ಷಿ ಅದೊಂದೇ.

ಅಣ್ಣ ಬರಲೇಬೇಕಿತ್ತು, ಅದೂ ಬೇಗ. ಮಗಳು ಫಲೇಸಿಗೆ ಗಂಡು ಗೊತ್ತಾಗಿತ್ತು. ಹುಡುಗ ಬಿಜೆಕಿಗೆ ಗಡಿಯಾಚೆಯ ತಾಮ್ರದ ಗಣಿಯಲ್ಲಿ ಕೆಲಸ ಸಿಕ್ಕಿತ್ತು. ಮದುವೆಯಾದವರಿಗೆ ಅಲ್ಲಿ ಮನೆ ಕೊಡುತ್ತಾರೆ, ಹೆಂಡತಿಯನ್ನು ಕರೆದೊಯ್ಯಬಹುದು. ಸುಗ್ಗಿ ಮುಗಿಯುವುದರೊಳಗೆ ಅವನು ಹೊರಡಬೇಕಿತ್ತು. ಸರೋವರದ ಸೀಮೆಯಲ್ಲಿ ಅಪ್ಪ ಎನ್ನುವವನು ಹೆಂಡತಿಯ ಮನೆಗೆ ಬಂದ ನೆಂಟ. ಇದ್ದರೆ ಸಂತೋಷ, ಇಲ್ಲದಿದ್ದರೂ ಸಂಸಾರ ನಡೆಯುತ್ತದೆ. ಎಸ್ನಾತಿಯ ಗಂಡ ಎಂದೋ ದಕ್ಷಿಣಕ್ಕೆ ಹೋದವನು ಹೋದ ಹಾಗೇ ಇದ್ದ, ಅದರಿಂದ ಯಾರಿಗೂ ಏನೂ ಕೊರತೆಯಾಗಿರಲಿಲ್ಲ. ಆದರೆ ಸೋದರಮಾವನಿಲ್ಲದೆ ಏನೂ ನಡೆಯದು. ಹುಡುಗಿಯ ಸೋದರಮಾವ ಹೇಂಟೆಯನ್ನು ಕೊಡಬೇಕು, ಹುಡುಗನ ಸೋದರಮಾವ ಹುಂಜವನ್ನು ಕೊಡಬೇಕು. ಕೈಯಿಂದ ಕೈಗೆ ಆ ಕೋಳಿಗಳು ದಾಟಿದರೆ ಮದುವೆ. ಉಳಿದ ಪಾದ್ರಿ, ಉಂಗುರ, ಹಾಡು ಎಲ್ಲ ಆಮೇಲಿನ ಶೃಂಗಾರ.

ಹುಡುಗಿಯನ್ನು ಬೇಗ ಗಡಿ ದಾಟಿಸಲು ಇನ್ನೊಂದು ಕಾರಣವೂ ಇತ್ತು. ಜೈಲಿನಲ್ಲಿರುವವನ ಮನೆಯ ಹೆಣ್ಣೆಂದು ಪಕ್ಷದ ಪಡ್ಡೆಗಳು ಅವಳನ್ನು ನೀರಿನ ದಾರಿಯಲ್ಲಿ ಅಡ್ಡಗಟ್ಟಿ ಕೆಣಕುತ್ತಿದ್ದರು. ಕೇಳುವವರು ಯಾರೂ ಇಲ್ಲವೆಂಬುದು ಅವರಿಗೆ ಗೊತ್ತಿತ್ತು.

ಜಕೆಯು ಮಾಡಿದ ತಪ್ಪೇನು ಎಂದರೆ, ಒಂದು ಪ್ರಶ್ನೆ ಕೇಳಿದ್ದು. ಅದಕ್ಕೂ ಮೊದಲಿನ ಕಥೆಯೊಂದಿದೆ.

ಬಿಳಿಯರ ಆಳ್ವಿಕೆಯ ಕೊನೆಗಾಲದಲ್ಲಿ, ಆಮೇಲೆ ಅಧ್ಯಕ್ಷನಾದ ಆ ಮನುಷ್ಯ ಸರೋವರದ ದಡಕ್ಕೆ ಮೊದಲ ಸಲ ಭಾಷಣಕ್ಕೆ ಬಂದಿದ್ದ. ಬಡಕಲು ಮೈ, ಸವೆದ ಕೋಟು, ಗಟ್ಟಿ ದನಿ. ತಾಯಿಗೆ ಒಬ್ಬನೇ ಮಗ, ಮದುವೆಯಿಲ್ಲ, ಅಕ್ಕತಂಗಿಯರಿಲ್ಲ. ಜನ ದೂರ ನಿಂತು ಮುಖ ಸಿಂಡರಿಸಿದರು. ತಂಗಿಯೊಬ್ಬಳ ಜಗಳವನ್ನೂ ಬಿಡಿಸಿ ಗೊತ್ತಿಲ್ಲದವನು ದೇಶದ ಜಗಳ ಏನು ಬಿಡಿಸಿಯಾನು ಎಂದು ಮುದುಕಿಯರು ಗೊಣಗಿದರು. ಆಗ ಮಗುಚಿ ಹಾಕಿದ್ದ ದೋಣಿಯೊಂದರ ಮೇಲೆ ಹತ್ತಿ ನಿಂತವನು ಜಕೆಯು. "ಇವರಿಗೆ ತಂಗಿಯರಿಲ್ಲ ಅಂದೋರು ಯಾರ್ರಪ್ಪಾ? ಇಲ್ಲಿರೋ ಹೆಂಗಸರೆಲ್ಲ ಇವರ ತಂಗಿಯರೇ. ನಮ್ಮ ಮಕ್ಕಳಿಗೆಲ್ಲ ಇವರೇ ಸೋದರಮಾವ" ಎಂದು ಕೂಗಿದ. ಅಷ್ಟು ಸಾಕಾಯಿತು. ಹೆಂಗಸರು ನಾಲಿಗೆ ಹೊರಳಿಸಿ ಕೇಕೆ ಹಾಕುತ್ತ ಕುಣಿದರು. ಹಸುಗೂಸು ಫಲೇಸಿಯನ್ನು ಬೆನ್ನಿಗೆ ಕಟ್ಟಿಕೊಂಡಿದ್ದ ಎಸ್ನಾತಿಯೂ ಕುಣಿದಳು. ಪೊಲೀಸರು ಲಾಠಿ ಬೀಸಿದರು, ಜಕೆಯುವಿನ ಮುಂದಿನ ಹಲ್ಲೊಂದು ಮುರಿಯಿತು. ಹೆಂಗಸರು ಮಾತ್ರ ಕುಣಿತ ನಿಲ್ಲಿಸಲಿಲ್ಲ. ಆ ದಿನದ ಸಂತೋಷವನ್ನು ಎಸ್ನಾತಿ ಮುಂದೆ ಎಷ್ಟೋ ಸಲ ನೆನೆದಳು. ಯಾರೂ ಕುಣಿ ಎಂದಿರಲಿಲ್ಲ, ಕಾಲು ತಾನಾಗಿ ಎದ್ದಿತ್ತು.

ಸ್ವಾತಂತ್ರ್ಯ ಬಂತು. ಜಕೆಯುವಿನ ಬಾಯಿಂದ ಬಿದ್ದ ಮಾತು ಬಿರುದಾಯಿತು. ಅಧ್ಯಕ್ಷ ಈಗ ನಾಡಿನ ಸೋದರಮಾವ. ಅಂಚೆಚೀಟಿಯ ಮೇಲೆ ಹಾಗೆಂದು ಬರೆದರು, ಶಾಲೆಯ ಪ್ರಾರ್ಥನೆಯಲ್ಲಿ ಸೇರಿಸಿದರು. ಅವನ ಮುಖ ಅಚ್ಚಾದ ಸುತ್ತುಬಟ್ಟೆಗಳು ಬಂದವು, ಪ್ರತಿ ಹೆಂಗಸೂ ಕೊಳ್ಳಲೇಬೇಕು. ಅವನು ಎಲ್ಲಿಗೆ ಬಂದರೂ ಹೆಂಗಸರು ಲಾರಿ ಹತ್ತಿ ಹೋಗಿ ಕುಣಿಯಲೇಬೇಕು. ಮೈ ಹುಷಾರಿಲ್ಲ ಎಂದವಳ ಮನೆಗೆ ಪಕ್ಷದವರು ಬಂದು ಹಣೆ ಮುಟ್ಟಿ ನೋಡುತ್ತಿದ್ದರು. ಅವನ ಮುಖದ ಮೇಲೆ ಕೂರುವುದು ಅಪರಾಧವೆಂದು ಲಾರಿಯಲ್ಲಿ ಕೂರುವ ಮುನ್ನ ಎಲ್ಲರೂ ಬಟ್ಟೆಯನ್ನು ಮೇಲೆತ್ತಿ ಮಡಚಿಕೊಳ್ಳುತ್ತಿದ್ದರು. ಕುಣಿತ ಅದೇ, ಹಾಡೂ ಅದೇ. ಸಂತೋಷ ಮಾತ್ರ ಯಾರ ಮೈಯಲ್ಲೂ ಉಳಿದಿರಲಿಲ್ಲ.

ಸ್ವಾತಂತ್ರ್ಯದ ವರ್ಷ ಹುಟ್ಟಿದ ಮಕ್ಕಳು ಮೀಸೆ ಚಿಗುರುವಷ್ಟು ದೊಡ್ಡವರಾದಾಗ, ಅಧ್ಯಕ್ಷನನ್ನು ಸಾಯುವವರೆಗೂ ಅಧ್ಯಕ್ಷನೆಂದು ಒಪ್ಪಬೇಕೆಂದು ಊರೂರಲ್ಲಿ ಸಭೆ ಸೇರಿಸಿದರು. ಇವರ ಊರಿನ ಸಭೆ ನಡೆಸಿದವನು ಪಕ್ಷದ ಮುಖಂಡ ಮಥೋಲ. ಬಿಳಿಯರ ಕಾಲದಲ್ಲಿ ತೆರಿಗೆ ಸಾಹೇಬನಿಗೆ ಕೊಡೆ ಹಿಡಿದುಕೊಂಡು ಹಿಂದೆ ಹಿಂದೆ ಓಡಾಡುತ್ತಿದ್ದ ಆಸಾಮಿ, ಈಗ ಅವನಿಗೇ ಒಬ್ಬ ಕೊಡೆ ಹಿಡಿಯುತ್ತಿದ್ದ. ಒಪ್ಪುವವರು ಕೈ ಎತ್ತಿ ಎಂದ. ಎಲ್ಲರೂ ಎತ್ತಿದರು. ಜಕೆಯು ಎರಡೂ ಕೈ ಎತ್ತಿದ. ಅಧ್ಯಕ್ಷನೆಂದರೆ ಅವನಿಗೆ ಇನ್ನೂ ಅಭಿಮಾನ, ಸುತ್ತ ನಡೆಯುವ ಅನ್ಯಾಯವೆಲ್ಲ ಮಥೋಲನಂಥವರದ್ದೇ ಎಂದು ಅವನು ನಂಬಿದ್ದ.

ಕೈ ಇಳಿಸಿದ ಮೇಲೆ ಕೇಳಿದ: "ಮುಖಂಡರೇ, ಮಾವನಿಗೂ ವಯಸ್ಸಾಗ್ತಾ ಬಂತು. ಮಾವ ಗಟ್ಟಿಯಾಗಿರುವಾಗಲೇ ನನ್ನ ನಂತರ ಇಂಥವನು ಅಂತ ಹೆಸರು ಹೇಳೋದು ನಮ್ಮ ಪದ್ಧತಿ. ಯಾರು ಅಂತ ಹೇಳಿಬಿಡಿ, ಅವನಿಗೂ ಈಗಲೇ ಕೈ ಎತ್ತಿಬಿಡ್ತೀವಿ. ಇನ್ನೊಂದು ಸಭೆ ಯಾಕೆ, ಹೊಲದಲ್ಲಿ ಕೆಲಸ ಇದೆ."

ಹಿಂದೆ ಕೂತವರು ನಕ್ಕರು. ಮಥೋಲ ನಗಲಿಲ್ಲ. ಮಾರನೇ ದಿನ ಜೀಪು ಬಂತು. ನಾಡಿನ ಸೋದರಮಾವನ ಸಾವು ಬಯಸಿದವನು ಎಂಬುದು ಜಕೆಯುವಿನ ಮೇಲಿನ ಆರೋಪ. ಸಭೆಯಲ್ಲಿ ನಕ್ಕವರು ತಾವು ಆ ದಿನ ಊರಲ್ಲೇ ಇರಲಿಲ್ಲ ಎಂದು ಹೇಳಿಕೊಂಡು ತಿರುಗಿದರು.

ಸ್ವಾತಂತ್ರ್ಯದ ಹಬ್ಬ ಹತ್ತಿರವಾದಾಗ ಮಥೋಲ ಎಸ್ನಾತಿಯ ಅಂಗಳಕ್ಕೆ ಬಂದ. ಅವಳು ಮಂಡಿಯೂರಿ ನೀರು ಕೊಟ್ಟಳು.

"ಮದುವೆ ಯಾವಾಗಮ್ಮ?"

"ಅಣ್ಣ ಬಂದ ಮೇಲೆ."

"ನಿಮ್ಮಣ್ಣ ಬರೋ ಹೊತ್ತಿಗೆ ನಿನ್ನ ಮಗಳಿಗೆ ಮೊಮ್ಮಕ್ಕಳಾಗಿರ್ತಾವೆ. ನಾನೊಂದು ಮಾತು ಹೇಳ್ತೀನಿ ಕೇಳು. ಮಾವನ ಸ್ಥಾನದಲ್ಲಿ ನಾನು ನಿಂತ್ಕೋತೀನಿ. ಪಕ್ಷದ ಕಡೆಯಿಂದ ಅಂತ ಇಟ್ಕೋ. ನೀನು ಸಭೇಲಿ ಎದ್ದು ಜಕೆಯು ನಮ್ಮ ಮನೆಯವನಲ್ಲ ಅಂತ ಒಂದು ಮಾತು ಹೇಳಿದ್ರೆ ಆಯ್ತು."

"ಒಂದೇ ಹೊಟ್ಟೇಲಿ ಹುಟ್ಟಿದೋನನ್ನ ಅಲ್ಲ ಅನ್ನೋದು ಹೇಗೆ?"

"ಬಾಯಿ ತೆರೆದು ಅನ್ನೋದು. ಈ ಊರಲ್ಲೇ ಎಷ್ಟೋ ಜನ ಹೇಳಿದ್ದಾರೆ, ಯಾರ ನಾಲಿಗೇನೂ ಬಿದ್ದುಹೋಗಿಲ್ಲ."

"ನನ್ನಣ್ಣ ಬದುಕಿದ್ದಾನೆ, ಮುಖಂಡರೇ. ಮಾವ ಬದುಕಿರುವಾಗ ಆ ಜಾಗದಲ್ಲಿ ಇನ್ನೊಬ್ಬ ನಿಂತರೆ ಹುಡುಗನ ಕಡೆಯವರು ಹುಂಜ ಎತ್ಕೊಂಡು ವಾಪಸು ಹೋಗ್ತಾರೆ."

"ಹಾಗಾದ್ರೆ ಹುಂಜ ಹೋಗ್ಲಿ, ಹುಡುಗಾನೂ ಹೋಗ್ಲಿ" ಎಂದು ಮಥೋಲ ನೀರನ್ನು ಕುಡಿಯದೇ ಅಂಗಳಕ್ಕೆ ಚೆಲ್ಲಿ ಎದ್ದ. "ಹಬ್ಬಕ್ಕೆ ಪಟ್ಟಣಕ್ಕೆ ಲಾರಿ ಹೋಗುತ್ತೆ. ಅಧ್ಯಕ್ಷರೇ ಬರ್ತಾರೆ. ಮೊದಲ ಸಾಲಲ್ಲಿ ನೀನಿರಬೇಕು. ಕಾಲು ನೋವು, ಸೊಂಟ ನೋವು ಅಂತ ರಾಗ ತೆಗೀಬೇಡ."

ಅವನು ಹೋದ ಮೇಲೆ ಎಸ್ನಾತಿ ನೀರಿನ ಬಟ್ಟಲು ಎತ್ತಿಟ್ಟಳು. ಅಧ್ಯಕ್ಷರೇ ಬರುತ್ತಾರೆ ಎಂಬ ಮಾತು ತಲೆಯಲ್ಲಿ ಸುತ್ತುತ್ತಿತ್ತು. ಮಾವ ಮಾತು ಕೇಳದಿದ್ದರೆ ಆ ಸೀಮೆಯ ಹೆಂಗಸರಿಗೆ ಒಂದು ದಾರಿ ಇದೆ. ಕಾಲು ಕಟ್ಟಿದ ಹೇಂಟೆಯನ್ನು ಅವನ ಪಾದದ ಬಳಿ ಇಟ್ಟು, ನಾಲ್ಕು ಜನರೆದುರು ಮಂಡಿಯೂರಿ ಕೇಳುವುದು. ಅವನು ಹೇಂಟೆಯನ್ನು ಎತ್ತಿಕೊಂಡರೆ ಕೇಳಿದ್ದನ್ನು ನಡೆಸಿಕೊಡಲೇಬೇಕು. ಎತ್ತಿಕೊಂಡು ಕೈಬಿಟ್ಟವನನ್ನು ಆಮೇಲೆ ಯಾರೂ ಮಾವ ಎನ್ನುವುದಿಲ್ಲ.

ಪಕ್ಕದ ಮನೆಯ ದೋರಿಕ ಇದನ್ನು ಕೇಳಿ ಒನಕೆ ಕೆಳಗಿಟ್ಟಳು. ದೋರಿಕ ಎಸ್ನಾತಿಯ ದೊಡ್ಡಮ್ಮನ ಮಗಳು, ವಯಸ್ಸಿನಲ್ಲಿ ಹಿರಿಯಳು, ಬಾಯಿ ಜೋರು.

"ನಿನಗೆ ತಲೆಗಿಲೆ ಕೆಟ್ಟಿದೆಯೇನೇ? ಅವನ ಸುತ್ತ ಬಂದೂಕು ಹಿಡಿದೋರು ಇರ್ತಾರೆ. ನೀನು ಹೇಂಟೆ ಹಿಡ್ಕೊಂಡು ಹೋಗ್ತೀಯಾ?"

"ಮಾವ ಅಂತ ಅವನೇ ತಾನೇ ಹೇಳ್ಕೊಳ್ಳೋದು, ಅಕ್ಕ?"

"ನಾಟಕದಲ್ಲಿ ರಾಜನ ವೇಷ ಹಾಕಿದೋನ ಹತ್ರ ಹೋಗಿ ಯಾರಾದ್ರೂ ಹೊಲ ಕೊಡು ಅಂತಾರಾ?"

"ಇವನು ವೇಷ ಬಿಚ್ಚೋದೇ ಇಲ್ವಲ್ಲ. ಬಿಚ್ಚದೇ ಇದ್ರೆ ನಡೆಸಬೇಕು. ಅಣ್ಣನ ಹಲ್ಲು ಹೋಗಿದ್ದು ಅವನಿಗೋಸ್ಕರ. ಅವನಿಗೆ ಗೊತ್ತಿಲ್ಲ ಅಕ್ಕ, ಇದೆಲ್ಲ ಮಥೋಲನ ಕಿತಾಪತಿ. ಅವನ ಕಿವಿಗೆ ಬಿದ್ರೆ ಬಿಡ್ತಾನೆ."

ದೋರಿಕ ಮತ್ತೆ ಒನಕೆ ಎತ್ತಿಕೊಂಡಳು. ಒಂದೆರಡು ಏಟು ಹಾಕಿ, "ಕೆಂಪು ಹೇಂಟೆ ತಗೊಂಡು ಹೋಗು. ಅದು ಕೂಗಲ್ಲ" ಎಂದಳು.

ಪಟ್ಟಣದ ಮೈದಾನದಲ್ಲಿ ಜಾತ್ರೆಗಿಂತ ಹೆಚ್ಚು ಜನ ಸೇರಿದ್ದರು. ಹೊರದೇಶದ ಅತಿಥಿಗಳು ನೆರಳಲ್ಲಿ ಕೂತಿದ್ದರು. ಹೆಂಗಸರು ಬೆಳಗಿನಿಂದ ಬಿಸಿಲಲ್ಲಿ ನಿಂತಿದ್ದರು. ಎಸ್ನಾತಿ ಹೇಂಟೆಯ ಕಾಲು ಕಟ್ಟಿ, ಮಗುವನ್ನು ಕಟ್ಟಿಕೊಳ್ಳುವಂತೆ ಬೆನ್ನಿಗೆ ಕಟ್ಟಿಕೊಂಡು, ಮೇಲೆ ಬಟ್ಟೆ ಹೊದಿಸಿದ್ದಳು. ಬಾಗಿಲಲ್ಲಿದ್ದ ಸಿಪಾಯಿ "ಮಗು ಮಲಗಿದೆಯಾ?" ಎಂದು ಕೇಳಿ ಒಳಗೆ ಬಿಟ್ಟ. ಅವಳ ಬೆನ್ನಿನ ಮೇಲೆ ಅಧ್ಯಕ್ಷನ ಅಚ್ಚಿನ ಮುಖ ಉಬ್ಬಿ ಮೆಲ್ಲಗೆ ಉಸಿರಾಡುತ್ತಿತ್ತು.

ಅಧ್ಯಕ್ಷ ಬಂದ. ಎಷ್ಟು ದಪ್ಪಗಾಗಿದ್ದ ಎಂದರೆ ಎಸ್ನಾತಿಗೆ ಮೊದಲು ಗುರುತೇ ಸಿಗಲಿಲ್ಲ. ಡೋಲು ಶುರುವಾಯಿತು. ವಾಡಿಕೆಯಂತೆ ಅವನು ವೇದಿಕೆ ಇಳಿದು, ಕುಣಿಯುವ ಸಾಲಿನ ಮುಂದೆ ನಗುತ್ತ ನಡೆದು ಬಂದ. ಎದುರಿಗೆ ಬಂದ ಕೂಡಲೇ ಎಸ್ನಾತಿ ಸಾಲು ಬಿಟ್ಟು ಮುಂದೆ ಹೋಗಿ, ಬೆನ್ನಿನ ಗಂಟು ಬಿಚ್ಚಿ, ಹೇಂಟೆಯನ್ನು ಅವನ ಹೊಳೆಯುವ ಬೂಟುಗಳ ಬಳಿ ಇಟ್ಟು ಮಂಡಿಯೂರಿದಳು. ಕಾವಲಿನವರು ನುಗ್ಗಿದರು. ಹೆಂಗಸರ ಸಾಲು ಗಕ್ಕನೆ ನಿಂತಿತು. ಹೇಂಟೆ ಕಂಡ ಪ್ರತಿಯೊಬ್ಬಳಿಗೂ ಇದು ಏನೆಂದು ಗೊತ್ತಿತ್ತು. ಡೋಲಿನವರೂ ಕೈ ತಡೆದರು.

ಅಧ್ಯಕ್ಷ ಕೈ ಎತ್ತಿ ಕಾವಲಿನವರನ್ನು ನಿಲ್ಲಿಸಿದ. ನೆರಳಿನಲ್ಲಿದ್ದ ಅತಿಥಿಗಳ ಕಡೆ ಒಮ್ಮೆ ನೋಡಿದ. "ಏನು ತಾಯಿ?" ಎಂದ.

"ಮಾವ, ನನ್ನ ಮಗಳ ಮದುವೆ ಇದೆ. ಸೋದರಮಾವ ಇಲ್ಲದೆ ನಿಂತುಹೋಗಿದೆ. ನನ್ನಣ್ಣ ಜಕೆಯು ನಿಮ್ಮ ಜೈಲಿನಲ್ಲಿದ್ದಾನೆ. ನಿಮ್ಮನ್ನ ಮೊದಲು ಮಾವ ಅಂತ ಕರೆದೋನು ಅವನು. ಹುಡುಗಿಗೆ ಅವಳ ಮಾವನನ್ನ ಕೊಡಿ."

ಪಕ್ಕದವನೊಬ್ಬ ಅಧ್ಯಕ್ಷನ ಕಿವಿಯಲ್ಲಿ ಏನೋ ಪಿಸುಗುಟ್ಟಿದ. ಅಧ್ಯಕ್ಷನ ಮುಖದ ನಗು ಹೋಗಲಿಲ್ಲ, ಅಲ್ಲೇ ನಿಂತುಬಿಟ್ಟಿತು. ಸ್ವಲ್ಪ ಹೊತ್ತು ಹೇಂಟೆಯನ್ನೇ ನೋಡಿದ. ಆಮೇಲೆ ಬಗ್ಗಿ ಎತ್ತಿಕೊಂಡ.

ಮೈದಾನವಿಡೀ ಕೇಕೆ ಎದ್ದಿತು. ಎಸ್ನಾತಿ ಗೆದ್ದೆ ಎಂದುಕೊಂಡಳು, ದೇವರಾಣೆಗೂ ಗೆದ್ದೆ ಎಂದುಕೊಂಡಳು.

ಅಧ್ಯಕ್ಷ ಹೇಂಟೆಯನ್ನು ಕಂಕುಳಲ್ಲಿಟ್ಟುಕೊಂಡೇ ಮೈಕಿನ ಮುಂದೆ ಹೋದ. "ಈ ತಾಯಿ ಪದ್ಧತಿಯಂತೆ ಬಂದಿದ್ದಾಳೆ. ಇದನ್ನೆಲ್ಲ ಬಿಳಿಯರು ಕಾಡುತನ ಅಂತಿದ್ದರು. ನಾವು ಬಿಟ್ಟಿಲ್ಲ. ಅವಳ ಮಗಳಿಗೆ ಸೋದರಮಾವ ಬೇಕಂತೆ. ನಾನಿರುವಾಗ ಈ ನಾಡಿನಲ್ಲಿ ಒಂದು ಹೆಣ್ಣಾದರೂ ಮಾವನಿಲ್ಲದೆ ಇರಬಹುದೇ? ಇವತ್ತಿನಿಂದ ಆ ಮನೆಗೆ ನಾನೇ ಸೋದರಮಾವ. ನನ್ನ ಹೆಸರಿನಲ್ಲಿ ಊರಿನ ಮುಖಂಡ ಹೇಂಟೆ ಕೊಡುತ್ತಾನೆ. ಮದುವೆ ಮಾಡಿ."

ಮತ್ತೆ ಕೇಕೆ, ಮತ್ತೆ ಡೋಲು. ಎಸ್ನಾತಿ ಮಂಡಿಯೂರಿದಲ್ಲೇ ಉಳಿದ ಮಾತಿಗಾಗಿ ಕಾದಳು. ಜಕೆಯುವಿನ ಹೆಸರು ಈಗ ಬರುತ್ತದೆ, ಈಗ ಬರುತ್ತದೆ ಎಂದು ಅವನ ಬಾಯನ್ನೇ ನೋಡಿದಳು. ಅಧ್ಯಕ್ಷ ಮೆಕ್ಕೆಜೋಳದ ಬೆಳೆಯ ವಿಷಯಕ್ಕೆ ಹೋಗಿದ್ದ. ಯಾರೋ ಅವಳ ರಟ್ಟೆ ಹಿಡಿದು ಎಬ್ಬಿಸಿ ಸಾಲಿಗೆ ಸೇರಿಸಿದರು. ಅವಳು ಕುಣಿದಳು. ಕುಣಿಯದಿದ್ದರೆ ಆಗುತ್ತಿರಲಿಲ್ಲ.

ಲಾರಿಯಲ್ಲಿ ವಾಪಸು ಬರುವಾಗ ಹೆಂಗಸರು ಅವಳನ್ನು ಹೊಗಳಿದ್ದೇ ಹೊಗಳಿದ್ದು. ಅಧ್ಯಕ್ಷರೇ ನಿನ್ನ ಮಗಳ ಮಾವ, ಇನ್ನು ಮಥೋಲ ನಿನ್ನ ಕಾಲು ಒತ್ತಬೇಕು ಎಂದು ಒಬ್ಬಳು ಚುಡಾಯಿಸಿದಳು. ದೋರಿಕ ಮಾತ್ರ, ಊರು ಹತ್ತಿರವಾದಾಗ ಎಸ್ನಾತಿಯ ಕಡೆ ತಿರುಗದೆಯೇ, "ಒಂದು ಮನೆಗೆ ಇಬ್ಬರು ಮಾವಂದಿರು ಇರ್ತಾರೇನೇ?" ಎಂದು ಕೇಳಿದಳು.

ಮಾವನ ಜಾಗಕ್ಕೆ ಇನ್ನೊಬ್ಬ ಬರುವುದು ಮಾವ ಸತ್ತಾಗ. ಮಥೋಲನಿಗೆ ಎಸ್ನಾತಿಯೇ ತನ್ನ ಬಾಯಾರೆ ಹೇಳಿದ್ದ ಮಾತು. ನಾಡೇ ಕೇಳುವಂತೆ ಅಧ್ಯಕ್ಷ ಆ ಜಾಗಕ್ಕೆ ಬಂದು ಕೂತಿದ್ದ. ಅವನ ಮಾತು ಸುಳ್ಳಾಗಬಾರದಿದ್ದರೆ ಏನಾಗಬೇಕು ಎಂಬುದು ಎಸ್ನಾತಿಗೆ ಆಗ ಹೊಳೆಯಿತು. ಅವಳು ಲಾರಿಯ ಕಟಕಟೆ ಹಿಡಿದುಕೊಂಡಳು. ಇಲ್ಲ, ಹಾಗಾಗುವುದಿಲ್ಲ, ಹೇಂಟೆ ಎತ್ತಿಕೊಂಡಿದ್ದಾನೆ ಎಂದು ಮನಸ್ಸಿನಲ್ಲೇ ಹೇಳಿಕೊಂಡಳು. ಊರು ಬರುವವರೆಗೂ ಅದನ್ನೇ ಹೇಳಿಕೊಂಡಳು.

ಶುಕ್ರವಾರ ಎಂದಿಗಿಂತ ಹೆಚ್ಚು ಮೀನು ಹುರಿದಳು. ಜೈಲಿನ ಬಾಗಿಲಲ್ಲಿ ಅದೇ ಕಾವಲುಗಾರನಿದ್ದ. ಡಬ್ಬಿಗೆ ಕೈ ಚಾಚಲಿಲ್ಲ.

"ಅಕ್ಕ, ವಾಪಸು ತಗೊಂಡು ಹೋಗಿ."

"ಬೇರೆ ಕಡೆ ಕಳಿಸಿದ್ರಾ?"

ಅವನು ಹಿಂದೆ ಮುಂದೆ ನೋಡಿ ದನಿ ತಗ್ಗಿಸಿದ. "ಹಬ್ಬದ ದಿನ ಸಾಯಂಕಾಲ ಫೋನು ಬಂತು. ಇಲ್ಲೇ ಹಿತ್ತಲಲ್ಲಿ ಮುಗಿಸಿದ್ರು. ಕೇಳಿದ್ರೆ ಆ ಹೆಸರಿನೋನು ಇಲ್ಲಿ ಇರಲೇ ಇಲ್ಲ ಅನ್ನಬೇಕಂತೆ. ನಾನು ಹೇಳ್ದೆ ಅಂತ ಯಾರಿಗೂ ಹೇಳ್ಬೇಡಿ. ನನಗೂ ತಂಗಿಯರಿದ್ದಾರೆ."

ಎಸ್ನಾತಿ ಡಬ್ಬಿಯನ್ನು ತಲೆಯ ಮೇಲೆ ಇಟ್ಟುಕೊಂಡು ಬಂದ ದಾರಿಯಲ್ಲೇ ಹೊರಟಳು. ಎಷ್ಟೋ ವಾರಗಳಿಂದ ಹಗುರವಾಗಿ ಬರುತ್ತಿದ್ದ ಡಬ್ಬಿ ಅಂದು ಕತ್ತು ಮುರಿಯುವಷ್ಟು ಭಾರವಾಗಿತ್ತು. ಅಂಗಳ ಗುಡಿಸುತ್ತಿದ್ದ ಫಲೇಸಿ ಅಮ್ಮನ ನಡಿಗೆ ನೋಡಿಯೇ ಪೊರಕೆ ಬಿಟ್ಟಳು. ಇಬ್ಬರೂ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಳುವ ಹಾಗಿರಲಿಲ್ಲ. ಹೆಣವಿಲ್ಲ, ಗುಂಡಿಯಿಲ್ಲ. ಇರಲೇ ಇಲ್ಲದ ಮನುಷ್ಯ ಸತ್ತನೆಂದು ಅತ್ತರೆ ಅದು ಸರ್ಕಾರದ ಮೇಲೆ ಹೊರಿಸಿದ ಅಪವಾದ. ಹಾಗೆ ಅತ್ತವರನ್ನು ಜೀಪು ಕೊಂಡೊಯ್ದದ್ದನ್ನು ಊರು ನೋಡಿತ್ತು.

"ನಂಗೆ ಈ ಮದುವೆ ಬೇಡಮ್ಮ" ಎಂದಳು ಫಲೇಸಿ. "ಮಾವನ ಪ್ರಾಣ ತೆಗೆದೋನ ಹೆಸರಲ್ಲಿ ಮದುವೆಯಾಗ್ಲಾ?"

"ಆಗು."

"ಅಮ್ಮ..."

"ಆಗು ಅಂದೆನಲ್ಲ. ನಿಮ್ಮ ಮಾವನ ಪ್ರಾಣ ನಾನು ಕೇಳಿ ತೆಗೆಸಿದ ಹಾಗಾಗಿದೆ. ಅದರ ಬದಲಿಗೆ ಸಿಕ್ಕಿರೋದು ಇದೊಂದೇ. ನೀನು ಗಡಿ ದಾಟು. ನೀನೂ ಇಲ್ಲೇ ಉಳಿದ್ರೆ ಅವನು ಸತ್ತಿದ್ದು ಯಾತಕ್ಕೂ ಬರಲಿಲ್ಲ ಅಂತ ಆಗುತ್ತೆ."

ಮದುವೆಯನ್ನು ಮಥೋಲ ಎಂಥ ಸಡಗರದಿಂದ ಮಾಡಿದನೆಂದರೆ, ತನ್ನ ಮಗಳಿಗೂ ಅಷ್ಟು ಮಾಡಿರಲಿಕ್ಕಿಲ್ಲ. ಪಕ್ಷದ ಬಾವುಟ, ಬ್ಯಾಂಡು, ಅಂಗಳದ ನಡುವೆ ಕುರ್ಚಿಯ ಮೇಲೆ ಅಧ್ಯಕ್ಷನ ಚಿತ್ರ. ಹೆಂಗಸರೆಲ್ಲ ಅವನ ಮುಖದ ಬಟ್ಟೆ ಸುತ್ತಿ ತಲೆಗೆ ಅದೇ ಬಟ್ಟೆಯ ವಸ್ತ್ರ ಬಿಗಿದಿದ್ದರು. ಹುಡುಗನ ಸೋದರಮಾವ ಸಿಮಿಯೋನಿ ಮುದುಕ ಮೀನುಗಾರ, ಮಾತು ಕಡಿಮೆ. ಹುಂಜ ಹಿಡಿದುಕೊಂಡು ಎದ್ದು ನಿಂತು, "ಈ ಹುಡುಗಿಯ ಸೋದರಮಾವ ಯಾರು?" ಎಂದು ಪದ್ಧತಿಯಂತೆ ಕೇಳಿದ.

"ನಾಡಿನ ಅಧ್ಯಕ್ಷರು. ಅವರ ಪರವಾಗಿ ನಾನು" ಎಂದ ಮಥೋಲ.

ಸಿಮಿಯೋನಿ ಹುಡುಗಿಯ ತಾಯಿಯ ಕಡೆ ನೋಡಿದ. ಅವಳು ಒಪ್ಪಬೇಕು. ಎಸ್ನಾತಿ ತಲೆ ಆಡಿಸಿದಳು. ಹೇಂಟೆ ಇತ್ತಿಂದತ್ತ ಹೋಯಿತು, ಹುಂಜ ಅತ್ತಿಂದಿತ್ತ ಬಂತು. ಮದುವೆಯಾಯಿತು.

ಗಡಿಯ ಬಸ್ಸು ಮಧ್ಯಾಹ್ನಕ್ಕೇ ಇತ್ತು. ಬಸ್ಸು ಹತ್ತುವ ಮುನ್ನ ಫಲೇಸಿ ಅಮ್ಮನನ್ನು ತಬ್ಬಿಕೊಂಡಳು. ಅವಳ ಕೈ ಅಮ್ಮನ ತಲೆವಸ್ತ್ರದ ಮೇಲೆ ಹೋಗಿ ಅಲ್ಲೇ ನಿಂತಿತು. ಒಳಗೆ ಏನಿಲ್ಲ ಎಂಬುದು ಬೆರಳಿಗೆ ಗೊತ್ತಾಯಿತು. ಅವಳು ಮುಖ ಎತ್ತಿ ನೋಡಿದಳು. "ಹತ್ತು, ಹೊರಡು" ಎಂದಳು ಎಸ್ನಾತಿ. ಬಸ್ಸು ಗುಡ್ಡದ ತಿರುವು ದಾಟಿ, ಅದರ ಧೂಳೂ ಅಡಗುವವರೆಗೆ ರಸ್ತೆಯಲ್ಲೇ ನಿಂತಿದ್ದಳು.

ಅಂಗಳಕ್ಕೆ ಬಂದಾಗ ಊಟ ನಡೆದಿತ್ತು. ಮಥೋಲ ಕೋಳಿಯ ಕಾಲು ಹಿಡಿದು, ಅಧ್ಯಕ್ಷರ ಉದಾರತೆಯನ್ನು ಸಿಮಿಯೋನಿಗೆ ವರ್ಣಿಸುತ್ತಿದ್ದ. ಎಸ್ನಾತಿ ಅವರೆದುರು ಬಂದು ತಲೆವಸ್ತ್ರ ಬಿಚ್ಚಿದಳು. ತಲೆ ನುಣ್ಣಗೆ ಬೋಳಾಗಿತ್ತು. ಅವಳ ಹಿಂದೆ ಬಂದ ದೋರಿಕಳೂ ಬಿಚ್ಚಿದಳು. ಮನೆತನದ ಇಬ್ಬರು ಮುದುಕಿಯರೂ ಬಿಚ್ಚಿದರು. ಅಣ್ಣತಮ್ಮ ಸತ್ತಾಗ ಹೆಂಗಸರು ಮಾಡುವ ಕೆಲಸ ಅದು, ಮತ್ತೆ ಯಾವುದಕ್ಕೂ ಮಾಡುವುದಿಲ್ಲ. ಬ್ಯಾಂಡಿನವರು ಬಾರಿಸುವುದನ್ನು ಬಿಟ್ಟರು.

"ಇದೇನಿದು ಅನಿಷ್ಟ?" ಎಂದು ಮಥೋಲ ಎದ್ದ. "ಮದುವೆ ಮನೇಲಿ! ಯಾರು ಸತ್ತಿದ್ದಾರೆ ಅಂತ?"

"ನೀವೇ ಹೇಳಿ, ಮುಖಂಡರೇ. ಹೊಸ ಮಾವ ಬಂದಿದ್ದಾರೆ ಅಂತ ನೀವೇ ಈಗ ತಾನೇ ನಿಂತು ಹೇಳಿದ್ರಿ. ಹಳಬ ಏನಾದ?"

ಸತ್ತ ಎನ್ನುವಂತಿಲ್ಲ, ಬದುಕಿದ್ದಾನೆ ಎನ್ನುವಂತಿಲ್ಲ. ಮಥೋಲ ರಸ್ತೆಯಲ್ಲಿದ್ದ ಜೀಪಿನವರಿಗೆ ಕೈ ಬೀಸಿದ.

ಸಿಮಿಯೋನಿ ತಟ್ಟೆ ಕೆಳಗಿಟ್ಟ. ಕೈ ತೊಳೆದುಕೊಂಡು, ಟೋಪಿ ತೆಗೆದು, ಎಸ್ನಾತಿಯ ಮುಂದೆ ನೆಲದ ಮೇಲೆ ಕೂತ. ಸಾವಿನ ಮನೆಗೆ ಬಂದವರು ಕೇಳುವಂತೆ ಕೇಳಿದ.

"ಯಾವತ್ತು ಹೋದರು, ತಾಯಿ?"

"ನಾನು ಹೇಂಟೆ ಕೊಟ್ಟ ದಿನ" ಎಂದಳು ಎಸ್ನಾತಿ. "ನಾನೇ ಹೋಗಿ ಕೊಟ್ಟ ದಿನ."

ಆಮೇಲೆ ಅವಳು ನೆಲಕ್ಕೆ ಕುಸಿದು, ಮಣ್ಣು ಬಾಚಿ ಬೋಳು ತಲೆಗೆ ಸುರಿದುಕೊಂಡು ಗಟ್ಟಿಯಾಗಿ ಅತ್ತಳು. ಅಣ್ಣನ ಹೆಸರನ್ನು ಊರಿಗೆಲ್ಲ ಕೇಳುವಂತೆ ಕರೆದು ಕರೆದು ಅತ್ತಳು. ದೋರಿಕ ಸೇರಿಕೊಂಡಳು, ಮುದುಕಿಯರು ಸೇರಿಕೊಂಡರು. ಬೇಲಿಯಾಚೆ ನಿಂತಿದ್ದ ಹೆಂಗಸರು ಒಬ್ಬೊಬ್ಬರಾಗಿ ತಲೆ ತಗ್ಗಿಸಿಕೊಂಡು ಮನೆಗೆ ಹೋದರು. ಒಬ್ಬಿಬ್ಬರು ಹೋಗಲಿಲ್ಲ.

ಜೀಪಿನಿಂದ ಇಳಿದ ಹುಡುಗರು ಅಂಗಳದ ಅಂಚಿಗೆ ಬಂದು ನಿಂತರು. ಎಳೆದುಕೊಂಡು ಬನ್ನಿ ಎಂದು ಮಥೋಲ ಕೂಗಿದ. ಅವರು ಅಲ್ಲಾಡಲಿಲ್ಲ. ಅಳು ಮುಗಿಯುವ ಮುನ್ನ ಸಾವಿನ ಮನೆಯ ಹೆಂಗಸನ್ನು ಮುಟ್ಟಬಾರದು ಎಂಬಷ್ಟು ಅವರಿಗೂ ಅವರ ತಾಯಂದಿರು ಕಲಿಸಿದ್ದರು. ಅದಕ್ಕೇ ಕಾದರು. ಅಳು ನಿಂತ ಮೇಲೆ ಎಸ್ನಾತಿಯನ್ನು ಎಬ್ಬಿಸಿ ಜೀಪಿಗೆ ಹತ್ತಿಸಿಕೊಂಡು ಹೋದರು.